ಅವರ ದೇವರು ಅವರಿಗಿರಲಿ, ಅವರ ಪ್ರೀತಿಯೂ ಅವರಿಗಿರಲಿ

ಭಾರತದ ಬೌಲರ್ ಮೊಹಮ್ಮದ್ ಶಮಿ ಅವರನ್ನು ಮೂರು ಸಲ, ಮೂರು ದಿಕ್ಕಿನಿಂದ ಬಂದ ಜನ ಕಟಕಟೆಗೆ ಎಳೆದಿದ್ದಾರೆ. ಮೂರು ಸಲವೂ ಕೇಳಿದ್ದು ಬೌಲಿಂಗಿನ ಲೆಕ್ಕವನ್ನಲ್ಲ, ದೇವರ ಲೆಕ್ಕವನ್ನು.

ಮೊದಲನೆಯದು 2021ರ ಅಕ್ಟೋಬರ್ 24ರ ರಾತ್ರಿ, ದುಬೈನಲ್ಲಿ. ಟಿ–20 ವಿಶ್ವಕಪ್ಪಿನ ಪಂದ್ಯದಲ್ಲಿ ಪಾಕಿಸ್ತಾನ ಹತ್ತು ವಿಕೆಟ್‌ಗಳಿಂದ ಗೆದ್ದಿತು. ಅಂದು ಭಾರತದ ಯಾವ ಬೌಲರ್‌ಗೂ ಒಂದೇ ಒಂದು ವಿಕೆಟ್ ದಕ್ಕಲಿಲ್ಲ. ಬುಮ್ರಾಗೆ ದಕ್ಕಲಿಲ್ಲ, ಭುವನೇಶ್ವರ್‌ಗೆ ದಕ್ಕಲಿಲ್ಲ, ಜಡೇಜಾಗೆ, ವರುಣ್ ಚಕ್ರವರ್ತಿಗೆ ದಕ್ಕಲಿಲ್ಲ. ಬ್ಯಾಟ್ಸ್‌ಮನ್‌ಗಳು ಗಳಿಸಿಕೊಟ್ಟದ್ದೂ 151 ರನ್ ಮಾತ್ರ. ಸೋತವರು ಹನ್ನೊಂದು ಮಂದಿ. ಬೆಳಗಾಗುವುದರೊಳಗೆ ದೇಶದ್ರೋಹಿ ಅನ್ನಿಸಿಕೊಂಡವರು ಒಬ್ಬರೇ. ದುಡ್ಡು ತಿಂದವನು ಎಂದರು, ಪಾಕಿಸ್ತಾನಕ್ಕೆ ಹೋಗು ಎಂದರು. ಅದೇ ಪಂದ್ಯ ಶುರುವಾಗುವ ಮುನ್ನ ಭಾರತದ ಆಟಗಾರರು ಜನಾಂಗ ದ್ವೇಷದ ವಿರುದ್ಧ ಮೈದಾನದಲ್ಲಿ ಮಂಡಿಯೂರಿದ್ದರು.

ಎರಡನೆಯದು 2023ರ ನವೆಂಬರ್ 2, ಮುಂಬೈನ ವಾಂಖೆಡೆ. ಶ್ರೀಲಂಕಾ ವಿರುದ್ಧ ಐದನೇ ವಿಕೆಟ್ ಕಿತ್ತ ಶಮಿ ದಣಿದು ಮಂಡಿಯೂರಿ ನೆಲ ಮುಟ್ಟಿದರು. ಸಜ್ದಾ (ಹಣೆಯನ್ನು ನೆಲಕ್ಕಿಟ್ಟು ದೇವರಿಗೆ ನಮಿಸುವುದು) ಮಾಡಲು ಹೊರಟವರು ಹಿಂದೂಗಳಿಗೆ ಹೆದರಿ ಅರ್ಧಕ್ಕೇ ನಿಲ್ಲಿಸಿಬಿಟ್ಟರು ಎಂದು ಗಡಿಯಾಚೆಯ ಜನ ಕಥೆ ಕಟ್ಟಿದರು. ತಾನು ಮುಸ್ಲಿಂ ಎಂಬುದೂ ಭಾರತೀಯ ಎಂಬುದೂ ತನಗೆ ಹೆಮ್ಮೆಯೇ, ಸಜ್ದಾ ಮಾಡಬೇಕೆನಿಸಿದರೆ ತಡೆಯುವವರು ಯಾರು ಎಂದು ಆಮೇಲೆ ಅವರೇ ಸಂದರ್ಶನವೊಂದರಲ್ಲಿ ಕೇಳಬೇಕಾಯಿತು. ಆ ವಿಶ್ವಕಪ್ಪಿನಲ್ಲಿ ಏಳೇ ಪಂದ್ಯಗಳಲ್ಲಿ 24 ವಿಕೆಟ್ ಪಡೆದ ಬೌಲರ್ ತನ್ನ ಮಂಡಿ ನೆಲಕ್ಕೆ ಯಾಕೆ ತಾಗಿತು ಎಂಬುದಕ್ಕೆ ಸಮಜಾಯಿಷಿ ಕೊಡಬೇಕಾಯಿತು.

ಮೂರನೆಯದು 2025ರ ಮಾರ್ಚ್ 4. ಮತ್ತೆ ದುಬೈ, ಚಾಂಪಿಯನ್ಸ್ ಟ್ರೋಫಿಯ ಸೆಮಿಫೈನಲ್, ಎದುರಿಗೆ ಆಸ್ಟ್ರೇಲಿಯಾ. ರಂಜಾನ್ ತಿಂಗಳು. ಬೌಂಡರಿ ಗೆರೆಯ ಬಳಿ ಶಮಿ ಬಾಟಲಿ ಎತ್ತಿ ಕುಡಿದದ್ದು ಕ್ಯಾಮೆರಾಗೆ ಸಿಕ್ಕಿತು. ರೋಜಾ ಹಿಡಿಯದ ಶಮಿ ಶರೀಯತ್ತಿನ ಕಣ್ಣಲ್ಲಿ ಅಪರಾಧಿ ಎಂದು ಬರೇಲಿಯ ಮೌಲಾನಾ ಒಬ್ಬರು ಸಾರಿದರು. ಪ್ರಯಾಣದಲ್ಲಿರುವವರಿಗೆ ಉಪವಾಸದಿಂದ ವಿನಾಯಿತಿ ಇದೆ ಎಂದು ಅದೇ ಧರ್ಮವನ್ನು ಬಲ್ಲವರು ತಿಳಿಹೇಳಿದರು. ಅಷ್ಟರಲ್ಲಿ ಮಾತು ಊರೂರು ಸುತ್ತಿಯಾಗಿತ್ತು.

ಒಬ್ಬರಿಗೆ ಅವರು ಅತಿಯಾಗಿ ಮುಸ್ಲಿಂ. ಇನ್ನೊಬ್ಬರಿಗೆ ಸಾಲದಷ್ಟು ಮುಸ್ಲಿಂ. ಮತ್ತೊಬ್ಬರಿಗೆ ಹೆದರುಪುಕ್ಕಲ ಮುಸ್ಲಿಂ. ಈ ಮೂರೂ ಗುಂಪಿನವರು ಒಬ್ಬರನ್ನೊಬ್ಬರು ದ್ವೇಷಿಸುವವರು. ಆದರೆ ಒಂದು ವಿಷಯದಲ್ಲಿ ಮೂವರದೂ ಒಂದೇ ಮಾತು: ಆಟಗಾರನ ಎದೆಯೊಳಗೆ ಏನಿದೆ ಎಂದು ತಪಾಸಣೆ ಮಾಡುವ ಹಕ್ಕು ತಮಗಿದೆ. ನಾನು ಈ ಬರಹದಲ್ಲಿ ಪ್ರಶ್ನಿಸುತ್ತಿರುವುದು ಆ ಹಕ್ಕನ್ನೇ. ಅಂಥ ಹಕ್ಕು ಯಾರಿಗೂ ಇಲ್ಲ. ಟಿಕೆಟ್ ಕೊಂಡವರಿಗಿಲ್ಲ, ಟಿವಿ ಮುಂದೆ ಕೂತವರಿಗಿಲ್ಲ, ಮಠದವರಿಗಿಲ್ಲ, ಮಸೀದಿಯವರಿಗಿಲ್ಲ, ಚರ್ಚಿನವರಿಗಿಲ್ಲ, ಪಕ್ಷದವರಿಗಿಲ್ಲ. ಆಟಗಾರರು ನಮಗೆ ಕೊಡಬೇಕಾದ್ದು ಆಟ. ಅವರು ಯಾರಿಗೆ ಕೈಮುಗಿಯುತ್ತಾರೆ, ಯಾರ ಕೈ ಹಿಡಿಯುತ್ತಾರೆ ಎಂಬುದು ನಮಗೆ ಸೇರಿದ್ದಲ್ಲ.

ಇದು ಒಬ್ಬ ಶಮಿಯ ಪಾಡಾಗಿದ್ದರೆ ಒಂದು ಕೆಟ್ಟ ರಾತ್ರಿಯ ಕಥೆ ಎಂದು ಮರೆಯಬಹುದಿತ್ತು. 2022ರ ಸೆಪ್ಟೆಂಬರ್ 4ರಂದು ಏಷ್ಯಾ ಕಪ್ಪಿನಲ್ಲಿ ಅರ್ಷದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟರು. ಪಾಕಿಸ್ತಾನದ ಆಸಿಫ್ ಅಲಿ ಹೊಡೆದ ಚೆಂಡು ಕೈಗೆ ಬಂದು ಜಾರಿತು. ಆಗ ಅವರಿಗೆ 23 ವರ್ಷ. ಅದೇ ಹುಡುಗ ಕೊನೆಯ ಓವರ್‌ನಲ್ಲಿ ಬರೀ ಏಳು ರನ್ ಉಳಿಸಬೇಕಾದಾಗ ಪಂದ್ಯವನ್ನು ಐದನೇ ಎಸೆತದವರೆಗೆ ಹಿಡಿದು ನಿಲ್ಲಿಸಿದ್ದು ಯಾರಿಗೂ ಬೇಕಾಗಲಿಲ್ಲ. ಅಂತರ್ಜಾಲದಲ್ಲಿ ಅವರ ಪರಿಚಯದ ಪುಟವನ್ನೇ ತಿದ್ದಿ ಖಲಿಸ್ತಾನದ ಹೆಸರು ತುರುಕಿದರು. ಕ್ಯಾಚ್ ಬಿಡದ ಆಟಗಾರ ಯಾವ ದೇಶದಲ್ಲಿದ್ದಾನೆ? ಕೈಯಿಂದ ಚೆಂಡು ಜಾರಿದ್ದಕ್ಕೂ ತಲೆಯ ಮೇಲಿನ ಪಗಡಿಗೂ ಸಂಬಂಧ ಕಟ್ಟಿದವರು ಯಾರು? ಎರಡು ವರ್ಷವೂ ತುಂಬುವ ಮೊದಲು, 2024ರ ಜೂನ್‌ನಲ್ಲಿ ಭಾರತ ಟಿ–20 ವಿಶ್ವಕಪ್ ಗೆದ್ದಾಗ ಅದೇ ಅರ್ಷದೀಪ್ 17 ವಿಕೆಟ್ ಪಡೆದು ಟೂರ್ನಿಯಲ್ಲಿ ಅತಿ ಹೆಚ್ಚು ವಿಕೆಟ್ ಗಳಿಸಿದವರ ಸಾಲಿನಲ್ಲಿ ಜಂಟಿಯಾಗಿ ಮೊದಲ ಸ್ಥಾನದಲ್ಲಿ ನಿಂತಿದ್ದರು. ಅಂದು ಅವರನ್ನು ಹಾಡಿ ಹೊಗಳಿದವರಲ್ಲಿ ಹಿಂದೆ ಜರೆದವರೂ ಇದ್ದಿರಬೇಕು. ಕ್ಷಮೆ ಕೇಳಿದವರು ಎಷ್ಟು ಮಂದಿ?

ಗೆದ್ದರೆ ಎಲ್ಲ ಮಾಫಿ ಎಂಬ ಮಾತು ನಮ್ಮಲ್ಲಿದೆ. ಜೆಮಿಮಾ ರಾಡ್ರಿಗಸ್ ಪಾಲಿಗೆ ಅದೂ ನಿಜವಾಗಲಿಲ್ಲ. ಮಂಗಳೂರು ಮೂಲದ ಕ್ರೈಸ್ತ ಕುಟುಂಬದ, ಮುಂಬೈನಲ್ಲಿ ಬೆಳೆದ ಈ ಹುಡುಗಿ 2025ರ ಅಕ್ಟೋಬರ್ 30ರಂದು ಮಹಿಳಾ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಅಜೇಯ 127 ರನ್ ಗಳಿಸಿದರು. ಆಸ್ಟ್ರೇಲಿಯಾ ಒಡ್ಡಿದ 339ರ ಗುರಿಯನ್ನು ಭಾರತ ಮುಟ್ಟಿತು. ಮಹಿಳೆಯರ ಏಕದಿನ ಕ್ರಿಕೆಟ್ಟಿನಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಅದುವರೆಗೆ ಯಾವ ತಂಡವೂ ಬೆನ್ನಟ್ಟಿ ಗೆದ್ದಿರಲಿಲ್ಲ. ಅದೇ ಟೂರ್ನಿಯ ನಡುವೆ ಅವರನ್ನು ತಂಡದಿಂದ ಕೈಬಿಡಲಾಗಿತ್ತು. ಆತಂಕದಿಂದ ನಿದ್ದೆಗೆಟ್ಟು, ಅತ್ತು, ತಾಯಿಗೆ ಫೋನ್ ಮಾಡಿ ಮತ್ತೆ ಅತ್ತ ದಿನಗಳನ್ನು ಪಂದ್ಯ ಮುಗಿದ ಮೇಲೆ ಅವರು ಮುಚ್ಚಿಡದೆ ಹೇಳಿಕೊಂಡರು. ತನ್ನನ್ನು ಎತ್ತಿ ನಿಲ್ಲಿಸಿದ್ದು ಯೇಸು ಎಂದರು.

ಅಷ್ಟೇ ಸಾಕಾಯಿತು. ಹಿಂದಿನ ವರ್ಷದ ಗಾಯವನ್ನು ಮತ್ತೆ ಕೆದಕಿದರು. 2024ರ ಅಕ್ಟೋಬರ್‌ನಲ್ಲಿ ಮುಂಬೈನ ಖಾರ್ ಜಿಮ್ಖಾನಾ ಜೆಮಿಮಾ ಅವರ ಗೌರವ ಸದಸ್ಯತ್ವವನ್ನು ರದ್ದು ಮಾಡಿತ್ತು. ಅವರ ತಂದೆ ಕ್ಲಬ್ಬಿನ ಜಾಗವನ್ನು ಧಾರ್ಮಿಕ ಸಭೆಗಳಿಗೆ ಬಳಸಿದರು ಎಂಬುದು ಕೆಲವು ಸದಸ್ಯರ ದೂರು. ನಿಯಮದಂತೆಯೇ ಜಾಗ ಪಡೆದು ಪ್ರಾರ್ಥನೆ ಮಾಡಿದೆವು, ಮತಾಂತರದ ಮಾತು ಸುಳ್ಳು ಎಂದು ತಂದೆ ಹೇಳಿದ್ದರು. ಕ್ಲಬ್ಬಿನ ಜಾಗದ ಬಳಕೆ ಕ್ಲಬ್ಬಿಗೆ ಬಿಟ್ಟ ವಿಚಾರ, ಅದನ್ನು ಅಲ್ಲಿಯೇ ಇತ್ಯರ್ಥ ಮಾಡಿಕೊಳ್ಳಲಿ. ಆದರೆ ದೇಶಕ್ಕೆ ಫೈನಲ್ ದಾರಿ ತೆರೆದುಕೊಟ್ಟ ರಾತ್ರಿ, ಇಪ್ಪತ್ತೈದರ ಹೆಣ್ಣುಮಗಳೊಬ್ಬಳು ಕಣ್ಣೀರಿನ ನಡುವೆ ತನ್ನ ದೇವರನ್ನು ನೆನೆದದ್ದು ಅಪರಾಧ ಹೇಗಾಯಿತು? ನಮ್ಮ ಮನೆಯ ಮಗಳು ರ‍್ಯಾಂಕ್ ಬಂದಾಗ ಚಾಮುಂಡಿ ದಯೆ, ಮಂಜುನಾಥನ ಕೃಪೆ ಅನ್ನುವುದಿಲ್ಲವೇ? ಮಾತು ಅದೇ, ಕೃತಜ್ಞತೆ ಅದೇ.

ನಾವು ದೇವರ ಹೆಸರನ್ನೇ ಸಹಿಸದವರಾಗಿದ್ದರೆ ಅದಾದರೂ ಒಂದು ನಿಲುವು. ದಕ್ಷಿಣ ಆಫ್ರಿಕಾದ ಕೇಶವ್ ಮಹಾರಾಜ್ ಅವರನ್ನು ನೆನೆಯಿರಿ. 2023ರ ವಿಶ್ವಕಪ್ಪಿನಲ್ಲಿ ಚೆನ್ನೈನಲ್ಲಿ ಪಾಕಿಸ್ತಾನದ ವಿರುದ್ಧ ಗೆಲುವಿನ ಬೌಂಡರಿ ಹೊಡೆದು ಅವರು ಹನುಮಂತನಿಗೆ ಜೈ ಅಂದರು. ನಾವು ಎಷ್ಟು ಸಂಭ್ರಮಿಸಿದೆವು! ಅದೇ ವರ್ಷ ಡಿಸೆಂಬರ್‌ನಲ್ಲಿ ಪಾರ್ಲ್ ಮೈದಾನದಲ್ಲಿ ಅವರು ಬ್ಯಾಟ್ ಹಿಡಿದು ಬರುವಾಗ ರಾಮನ ಹಾಡು ಹಾಕಿದ್ದನ್ನು ನಮ್ಮ ಕೆ.ಎಲ್. ರಾಹುಲ್ ನಗುತ್ತ ಅವರಿಗೇ ಹೇಳಿದ್ದು ಸ್ಟಂಪ್ ಮೈಕ್‌ನಲ್ಲಿ ಕೇಳಿಸಿತು. ಎದುರಾಳಿ ತಂಡದವನ ಭಕ್ತಿಗೆ ನಾವು ಮನಸಾರೆ ಖುಷಿಪಟ್ಟೆವು. ಅದು ಚೆಂದದ ಗಳಿಗೆ, ಹಾಗೆಯೇ ಇರಬೇಕು. ಅದಕ್ಕೆ ಎರಡು ತಿಂಗಳ ಮೊದಲು ಅಹಮದಾಬಾದಿನಲ್ಲಿ ಔಟಾಗಿ ಹಿಂದಿರುಗುತ್ತಿದ್ದ ಪಾಕಿಸ್ತಾನದ ಮೊಹಮ್ಮದ್ ರಿಜ್ವಾನ್ ಅವರತ್ತ ಗ್ಯಾಲರಿಯಿಂದ ಅದೇ ರಾಮನ ಹೆಸರನ್ನು ಕಲ್ಲಿನಂತೆ ಬೀಸಿದರು. ಮಹಾರಾಜ್ ಪಾಲಿಗೆ ಭಕ್ತಿಯಾಗಿದ್ದ ಹೆಸರು ಗ್ಯಾಲರಿಯಲ್ಲಿ ಮೂದಲಿಕೆಯಾಯಿತು. ರಾಮನನ್ನು ನಂಬುವವರಿಗೆ ಇದರಿಂದ ನೋವಾಗಬೇಕಿತ್ತು. ಯಾಕೆ ಆಗಲಿಲ್ಲ?

ಮಹಾರಾಜ್‌ಗೆ ಒಂದು ನ್ಯಾಯ, ಜೆಮಿಮಾಗೆ ಇನ್ನೊಂದು ನ್ಯಾಯ ಎಂದರೆ ನಮಗೆ ಬೇಕಾಗಿರುವುದು ಭಕ್ತಿಯಲ್ಲ, ನಮ್ಮ ಬಳಗದ ಗುರುತು. ಬಹುಸಂಖ್ಯಾತರ ಮನೆಯಲ್ಲಿ ಹುಟ್ಟಿದ ಆಟಗಾರ ಸೋತರೆ ಫಾರ್ಮ್ ಕಳೆದುಕೊಂಡ ಅನ್ನುತ್ತೇವೆ. ಅಲ್ಪಸಂಖ್ಯಾತರ ಮನೆಯ ಹುಡುಗ ಸೋತರೆ ನಿಯತ್ತು ಕಳೆದುಕೊಂಡ ಅನ್ನುತ್ತೇವೆ. ಆ ಹುಡುಗ ಪ್ರತಿ ಪಂದ್ಯದಲ್ಲೂ ಎರಡೆರಡು ಪರೀಕ್ಷೆ ಬರೆಯುತ್ತಿರುತ್ತಾನೆ. ಒಂದು ಆಟದ್ದು, ಇನ್ನೊಂದು ತಾನು ಈ ನೆಲದವನೇ ಎಂದು ರುಜುವಾತು ಮಾಡುವುದು. ಮೊದಲನೆಯದರಲ್ಲಿ ಸೋತರೆ ಎರಡನೆಯದರಲ್ಲೂ ಸೋತಂತೆ. ಇಷ್ಟು ಭಾರ ಹೊತ್ತು ಓಡಿ ಬಂದು ಗಂಟೆಗೆ 140 ಕಿ.ಮೀ. ವೇಗದಲ್ಲಿ ಚೆಂಡೆಸೆಯುವವರ ಎದೆಗಾರಿಕೆಯನ್ನು ನಾವು ಎಂದಾದರೂ ಅಳೆದಿದ್ದೇವೆಯೇ?

ಇನ್ನು ಪ್ರೀತಿಯ ಮಾತು. ಇಲ್ಲಿ ನಮ್ಮ ಕ್ರೌರ್ಯ ಇನ್ನೂ ಹಳೆಯದು, ಇನ್ನೂ ಮೌನದ್ದು.

ಓಟಗಾರ್ತಿ ದ್ಯುತಿ ಚಾಂದ್ ಒಡಿಶಾದ ಜಾಜಪುರ ಜಿಲ್ಲೆಯ ಚಾಕಾ ಗೋಪಾಲಪುರ ಎಂಬ ಹಳ್ಳಿಯ ನೇಕಾರರ ಮನೆಯ ಮಗಳು. 2014ರಲ್ಲಿ, ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟ ಇನ್ನೇನು ಬಂತು ಅನ್ನುವಾಗ, ಆಕೆಯ ದೇಹದಲ್ಲಿ ಟೆಸ್ಟೊಸ್ಟೆರಾನ್ ಸಹಜವಾಗಿಯೇ ಹೆಚ್ಚಿದೆ ಎಂದು ತಂಡದಿಂದ ಹೊರಗಿಟ್ಟರು. ಹದಿನೆಂಟು ತುಂಬಿದ ಹುಡುಗಿಯ ದೇಹ ಇಡೀ ದೇಶದ ಚರ್ಚೆಯ ವಸ್ತುವಾಯಿತು. ಆಕೆ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯದವರೆಗೆ ಹೋದರು. 2015ರ ಜುಲೈನಲ್ಲಿ ಆ ನ್ಯಾಯಾಲಯ ನಿಯಮವನ್ನೇ ಅಮಾನತಿನಲ್ಲಿಟ್ಟಿತು. 2018ರ ಜಕಾರ್ತ ಏಷ್ಯನ್ ಕೂಟದಲ್ಲಿ 100 ಮತ್ತು 200 ಮೀಟರ್ ಎರಡರಲ್ಲೂ ಬೆಳ್ಳಿ ಗೆದ್ದರು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಪ್ರೇಮ ಅಪರಾಧವಲ್ಲ ಎಂದಿತು. ಮರುವರ್ಷ ಮೇ ತಿಂಗಳಲ್ಲಿ, ತಾನು ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆ ಎಂದು ದ್ಯುತಿ ಲೋಕಕ್ಕೆ ಹೇಳಿದರು. ಹಾಗೆ ಬಹಿರಂಗವಾಗಿ ಹೇಳಿದ ಭಾರತದ ಮೊದಲ ಕ್ರೀಡಾಪಟು ಅವರು.

ಮೊದಲು ತಿರುಗಿಬಿದ್ದದ್ದು ಮನೆ. ನಂತರ ಊರು. ನಂತರ ಪರದೆಯ ಹಿಂದೆ ಕೂತ, ಮುಖ ತೋರದ ಸಾವಿರಾರು ಜನ. ಎರಡೇ ತಿಂಗಳಲ್ಲಿ ಇಟಲಿಯ ನೇಪಲ್ಸ್‌ನ ವಿಶ್ವ ವಿಶ್ವವಿದ್ಯಾಲಯಗಳ ಕೂಟದಲ್ಲಿ 100 ಮೀಟರನ್ನು 11.32 ಸೆಕೆಂಡುಗಳಲ್ಲಿ ಓಡಿ ಅವರು ಚಿನ್ನ ಗೆದ್ದರು. ಗೆದ್ದ ದಿನವೂ ಕೆಲವರಿಗೆ ನೆನಪಾದದ್ದು ಅವರ ಓಟವಲ್ಲ, ಅವರ ಪ್ರೀತಿ.

2023ರಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ದ್ಯುತಿ ನಾಲ್ಕು ವರ್ಷದ ನಿಷೇಧಕ್ಕೆ ಒಳಗಾದರು. ಇದನ್ನೂ ಬಚ್ಚಿಡದೆ ಹೇಳಬೇಕು, ಯಾಕೆಂದರೆ ನಾನು ಎಳೆಯಬೇಕೆಂದಿರುವ ಗೆರೆ ಇಲ್ಲೇ ಇದೆ. ಮದ್ದಿನ ನಿಯಮ ಕ್ರೀಡೆಯ ನಿಯಮ. ಮುರಿದವರು ಯಾರೇ ಇರಲಿ, ವಿಚಾರಣೆಯಾಗಲಿ, ಶಿಕ್ಷೆಯಾಗಲಿ. ನೋ ಬಾಲ್ ಎಸೆದರೆ ಬೈಯಿರಿ, ಕ್ಯಾಚ್ ಬಿಟ್ಟರೆ ಕೋಪಿಸಿಕೊಳ್ಳಿ, ಆಟ ಕಳೆಗುಂದಿದರೆ ತಂಡದಿಂದ ಕೈಬಿಡಿ ಎನ್ನಿ. ಅಭಿಮಾನಿಗೆ ಆ ಹಕ್ಕಿದೆ, ಅದು ಪೂರ್ತಿ ಇರಲಿ. ಆ ಗೆರೆ ದಾಟಿ ಅವರ ಪೂಜೆಗೆ, ಅವರ ಪ್ರೀತಿಗೆ, ಅವರ ಮೈಕಟ್ಟಿಗೆ ಕೈಹಾಕುವ ಹಕ್ಕು ಇಲ್ಲ. ತಮಿಳುನಾಡಿನ ಶಾಂತಿ ಸೌಂದರರಾಜನ್ ಅವರನ್ನು ನಾವು ಹೇಗೆ ನಡೆಸಿಕೊಂಡೆವು? 2006ರ ದೋಹಾ ಏಷ್ಯನ್ ಕೂಟದ 800 ಮೀಟರ್‌ನಲ್ಲಿ ಗೆದ್ದ ಬೆಳ್ಳಿಯನ್ನು ಲಿಂಗ ಪರೀಕ್ಷೆಯ ಹೆಸರಿನಲ್ಲಿ ಕಿತ್ತುಕೊಂಡರು. ಇಟ್ಟಿಗೆ ಗೂಡಿನಲ್ಲಿ ದುಡಿಯುವವರ ಮಗಳು ಆಕೆ. ಆಕೆಯ ದೇಹದ ಖಾಸಗಿ ಸಂಗತಿ ಮನೆ ಮನೆಯ ಟಿವಿಯಲ್ಲಿ ಸುದ್ದಿಯಾಯಿತು. ಪದಕಕ್ಕೆ ನಿಯಮದ ನೆಪವಿತ್ತು. ಮಾನಕ್ಕೆ ಯಾವ ನೆಪವಿತ್ತು?

ಬೆಂಗಳೂರಿಗೆ ಬರೋಣ. 2025ರ ಮಹಿಳಾ ಪ್ರೀಮಿಯರ್ ಲೀಗಿನಲ್ಲಿ ನಮ್ಮ ಆರ್‌ಸಿಬಿ ತಂಡದಲ್ಲಿ ಇಂಗ್ಲೆಂಡಿನ ಡ್ಯಾನಿ ವ್ಯಾಟ್ ಹಾಜ್ ಆಡಿದರು. ಹಿಂದಿನ ವರ್ಷವಷ್ಟೇ ಮದುವೆಯಾಗಿ ಹೆಂಡತಿಯ ಮನೆತನದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡವರು ಅವರು. ಅದಕ್ಕೂ ಮೊದಲು, 2023ರಲ್ಲಿ, ಇದೇ ತಂಡಕ್ಕೆ ಬೌಲ್ ಮಾಡಿದ ಆಸ್ಟ್ರೇಲಿಯಾದ ಮೇಗನ್ ಶುಟ್ ಅವರ ಬಾಳಸಂಗಾತಿಯೂ ಹೆಣ್ಣು. ಚಿನ್ನಸ್ವಾಮಿ ಕ್ರೀಡಾಂಗಣ ತುಂಬಿದ ಜನ ಆರ್‌ಸಿಬಿ, ಆರ್‌ಸಿಬಿ ಎಂದು ಗಂಟಲು ಹರಿದುಕೊಂಡರು. ಯಾರ ಸಂಸ್ಕೃತಿಯೂ ಕುಸಿಯಲಿಲ್ಲ, ಯಾವ ಮನೆಯೂ ಮುರಿಯಲಿಲ್ಲ. ಹೊರಗಿನಿಂದ ಬಂದವರಿಗೆ ಇಷ್ಟು ಉದಾರವಾಗಿರುವ ನಾವು, ನಾಳೆ ದಾವಣಗೆರೆಯ ಹುಡುಗಿಯೊಬ್ಬಳು, ವಿಜಯಪುರದ ಹುಡುಗನೊಬ್ಬ ಅದೇ ಮಾತನ್ನು ಕನ್ನಡದಲ್ಲಿ ಹೇಳಿದರೆ ಹೇಗೆ ನಡೆದುಕೊಳ್ಳುತ್ತೇವೆ? ಉತ್ತರ ನಮಗೆ ಗೊತ್ತಿದೆ. ಅವರಿಗೂ ಗೊತ್ತಿದೆ. ಅದಕ್ಕೇ ಅವರು ಹೇಳುವುದಿಲ್ಲ.

ಪುರುಷರ ಕ್ರಿಕೆಟ್ಟಂತೂ ಈ ವಿಷಯದಲ್ಲಿ ಬಾಯಿ ಹೊಲಿದುಕೊಂಡು ಕೂತಿದೆ. ಭಾರತದ ಪುರುಷರ ತಂಡಕ್ಕೆ ಆಡಿದ ಒಬ್ಬರೂ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡಿಲ್ಲ. ಒಬ್ಬರೂ ಇರಲಿಲ್ಲ ಎಂದು ನಂಬುವವರು ಮನುಷ್ಯರನ್ನು ಅರಿಯದವರು. ಇಂಗ್ಲೆಂಡಿನ ವಿಕೆಟ್ ಕೀಪರ್ ಸ್ಟೀವನ್ ಡೇವಿಸ್ 2011ರಲ್ಲಿ ಆಡುತ್ತಿರುವಾಗಲೇ ಹೇಳಿಕೊಂಡರು. ತಂಡ ಅವರ ಜೊತೆಗೆ ನಿಂತಿತು. ಫುಟ್‌ಬಾಲ್ ಜಗತ್ತು ಇದಕ್ಕಿಂತ ಕಠೋರ. ಜಸ್ಟಿನ್ ಫಶಾನು ಹತ್ತು ಲಕ್ಷ ಪೌಂಡ್ ಬೆಲೆ ಪಡೆದ ಬ್ರಿಟನ್ನಿನ ಮೊದಲ ಕಪ್ಪು ಆಟಗಾರ, ಯೇಸುವನ್ನು ಗಾಢವಾಗಿ ನಂಬಿದವರು. 1990ರಲ್ಲಿ ಅವರು ತಮ್ಮ ಲೈಂಗಿಕತೆಯನ್ನು ಮರೆಮಾಚದೆ ಹೇಳಿದಾಗ ಒಡಹುಟ್ಟಿದ ತಮ್ಮನೇ ಪತ್ರಿಕೆಯಲ್ಲಿ ಅವರನ್ನು ತನ್ನವನಲ್ಲ ಎಂದರು. ಅವರ ನಂತರ ಬ್ರಿಟನ್ನಿನಲ್ಲಿ ಆಡುತ್ತಿರುವ ಇನ್ನೊಬ್ಬ ವೃತ್ತಿಪರ ಪುರುಷ ಆಟಗಾರ ಅದೇ ಮಾತು ಹೇಳಲು 2022ರವರೆಗೆ ಕಾಯಬೇಕಾಯಿತು. ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್ ಎಂಬ ಹದಿನೇಳರ ಹುಡುಗ ಅದನ್ನು ಹೇಳಿದ. ಮೂವತ್ತೆರಡು ವರ್ಷ! ಒಬ್ಬನನ್ನು ಒಮ್ಮೆ ಹಣ್ಣುಗಾಯಿ ನೀರುಗಾಯಿ ಮಾಡಿದರೆ ಸಾಕು, ಮುಂದಿನ ಒಂದು ತಲೆಮಾರು ಬಾಯಿ ಬಿಡುವುದಿಲ್ಲ.

ಕೆಲವರು ಕೇಳುತ್ತಾರೆ: ಧರ್ಮವೇ ಸಲಿಂಗ ಪ್ರೇಮ ಪಾಪ ಎಂದು ಹೇಳಿದರೆ ಏನು ಮಾಡುವುದು? ಆಟಗಾರರ ನಂಬಿಕೆಯನ್ನು ಗೌರವಿಸಿ ಎನ್ನುವ ನೀವೇ, ಅವರ ಪ್ರೀತಿಯನ್ನೂ ಗೌರವಿಸಿ ಎನ್ನುತ್ತೀರಿ. ಎರಡೂ ಎದುರು ಬದುರಾದರೆ? ಇದು ನಿಜವಾದ ಪ್ರಶ್ನೆ. ಆಸ್ಟ್ರೇಲಿಯಾದ ರಗ್ಬಿ ಆಟಗಾರ ಇಸ್ರೇಲ್ ಫೊಲಾವ್ 2019ರಲ್ಲಿ ಸಲಿಂಗಿಗಳೂ ಸೇರಿ ಹಲವರಿಗೆ ನರಕ ಕಾದಿದೆ ಎಂದು ಇನ್‌ಸ್ಟಾಗ್ರಾಂನಲ್ಲಿ ಬರೆದರು. ಮಂಡಳಿ ಅವರ ಒಪ್ಪಂದವನ್ನು ಮುರಿಯಿತು. ಇದು ನನ್ನ ಧರ್ಮಕ್ಕೆ ಮಾಡಿದ ಅನ್ಯಾಯ ಎಂದು ಅವರು ಕಾನೂನಿನ ಮೊರೆ ಹೋದರು. ವರ್ಷದ ಕೊನೆಗೆ ಇಬ್ಬರೂ ಪರಸ್ಪರ ಕ್ಷಮೆ ಕೋರಿ ರಾಜಿಯಾದರು.

ನನ್ನ ಉತ್ತರ ಇದು. ಫೊಲಾವ್ ಏನನ್ನು ನಂಬುತ್ತಾರೆ, ಹೇಗೆ ಪ್ರಾರ್ಥಿಸುತ್ತಾರೆ ಎಂಬುದು ಅವರಿಗೆ ಬಿಟ್ಟದ್ದು. ತಮ್ಮ ಬದುಕನ್ನು ತಮ್ಮ ಗ್ರಂಥದ ಪ್ರಕಾರ ನಡೆಸಲಿ. ಆದರೆ ಲಕ್ಷಾಂತರ ಜನ ಕೇಳಿಸಿಕೊಳ್ಳುವ ಜಾಗದಲ್ಲಿ ನಿಂತು ಇನ್ನೊಬ್ಬರನ್ನು ನರಕಕ್ಕೆ ಕಳಿಸಿದಾಗ ಅದು ನಂಬಿಕೆಯ ಆಚೆಗೆ ಕಾಲಿಟ್ಟು ಇನ್ನೊಬ್ಬರ ಬದುಕಿಗೆ ತಗಲುತ್ತದೆ. ಅವರನ್ನೇ ಆರಾಧಿಸುವ, ತನ್ನೊಳಗಿನದನ್ನು ಯಾರಿಗೂ ಹೇಳಲಾರದ ಹುಡುಗನೊಬ್ಬ ಅದನ್ನು ಓದುತ್ತಿರುತ್ತಾನೆ. ಆ ಮಾತನ್ನು ಖಂಡಿಸಲೇಬೇಕು. ಅದೇ ಬಲದಿಂದ ಇನ್ನೊಂದನ್ನೂ ಹೇಳುತ್ತೇನೆ: ಆ ಮಾತನ್ನು ಖಂಡಿಸುವ ನೆಪದಲ್ಲಿ ಅವರ ದೇವರನ್ನು, ಅವರ ಚರ್ಚನ್ನು, ಅವರ ಜನವನ್ನು ಹೀಯಾಳಿಸುವುದು ಅಷ್ಟೇ ತಪ್ಪು. ಕೈಮುಗಿಯುವವರೆಲ್ಲ ಮೂಢರು ಎಂದು ನಗುವ ವಿದ್ಯಾವಂತರೂ ಈ ತಪಾಸಣೆಯ ಗುಂಪಿಗೇ ಸೇರಿದವರು. ಜೆಮಿಮಾ ಯಾರನ್ನೂ ನರಕಕ್ಕೆ ಕಳಿಸಲಿಲ್ಲ. ಶಮಿ ಯಾರ ಉಪವಾಸವನ್ನೂ ಮುರಿಯಲಿಲ್ಲ. ದ್ಯುತಿ ಯಾರ ಸಂಸಾರವನ್ನೂ ಕೆಡಿಸಲಿಲ್ಲ. ತಮ್ಮ ಪಾಡಿಗೆ ತಾವು ಪ್ರಾರ್ಥಿಸಿದವರನ್ನು, ತಮ್ಮ ಪಾಡಿಗೆ ತಾವು ಪ್ರೀತಿಸಿದವರನ್ನು ಬೇಟೆಯಾಡಲು ಯಾವ ಧರ್ಮವೂ ಅಪ್ಪಣೆ ಕೊಟ್ಟಿಲ್ಲ.

ದ್ವೇಷ ಕಾರುವವರು ನಮ್ಮಲ್ಲಿ ಕೆಲವರು, ಒಪ್ಪುತ್ತೇನೆ. ನನ್ನ ಮಾತು ಅವರ ಜೊತೆಗಲ್ಲ. ಅವರ ಪಕ್ಕದಲ್ಲಿ ಕೂತು ಸುಮ್ಮನಿರುವ ಬಹಳ ಮಂದಿಯ ಜೊತೆಗೆ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪ ಒಂದು ಹೊಲಸು ಸಂದೇಶ ಹಾಕುತ್ತಾರೆ. ಹಿರಿಯರಲ್ಲವೇ ಎಂದು ನಾವು ನೋಡಿಯೂ ನೋಡದಂತೆ ಮುಂದೆ ಸರಿಸುತ್ತೇವೆ. ಕಚೇರಿಯ ಕ್ಯಾಂಟೀನಿನಲ್ಲಿ ಗೆಳೆಯ ಅರ್ಷದೀಪನಿಗೆ ಒಂದು ಹೆಸರಿಡುತ್ತಾನೆ. ನಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಗುತ್ತೇವೆ. ಆಟದ ಬಯಲಲ್ಲಿ ತರಬೇತುದಾರರು ನಿಧಾನ ಓಡುವ ಹುಡುಗನನ್ನು ಹೆಣ್ಣಿಗ ಎಂದು ಕರೆಯುತ್ತಾರೆ. ಹುಡುಗರು ಗಟ್ಟಿಯಾಗಲಿ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಶಿಶುನಾಳ ಶರೀಫರನ್ನೂ ಗೋವಿಂದ ಭಟ್ಟರನ್ನೂ ಸಭೆಯಲ್ಲಿ ನೆನೆದು ಚಪ್ಪಾಳೆ ಗಿಟ್ಟಿಸುವ ನಾವು, ಆ ಗುರುಶಿಷ್ಯರು ನಮ್ಮಿಂದ ಕೇಳುವುದು ಚಪ್ಪಾಳೆಯನ್ನಲ್ಲ ಎಂಬುದನ್ನು ಮರೆಯುತ್ತೇವೆ. 1983ರಲ್ಲಿ ವಿಶ್ವಕಪ್ ಗೆದ್ದುಕೊಟ್ಟ ತಂಡದಲ್ಲಿ ನಮ್ಮ ಬೆಂಗಳೂರಿನ ಇಬ್ಬರಿದ್ದರು: ವಿಕೆಟ್ ಹಿಂದೆ ಸೈಯದ್ ಕಿರ್ಮಾನಿ, 18 ವಿಕೆಟ್ ಪಡೆದು ಟೂರ್ನಿಗೇ ಅಗ್ರನಾದ ರೋಜರ್ ಬಿನ್ನಿ. ಒಬ್ಬರು ಮುಸ್ಲಿಂ, ಒಬ್ಬರು ಕ್ರೈಸ್ತರು. ಅವರನ್ನು ನಮ್ಮವರು ಎಂದು ಇಂದಿಗೂ ಹೇಳಿಕೊಳ್ಳುತ್ತೇವೆ. ಹಾಗೆ ಹೇಳಿಕೊಳ್ಳುವ ಅರ್ಹತೆ ಬಿಟ್ಟಿಯಾಗಿ ಉಳಿಯುವುದಿಲ್ಲ. ಇಂದಿನ ಹುಡುಗರ ಪರವಾಗಿ ನಿಲ್ಲದಿದ್ದರೆ ಅದು ನಮ್ಮ ಕೈ ಜಾರುತ್ತದೆ.

ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಶಮಿಯ ಮೇಲೆ ದಾಳಿ ನಡೆದ ಆರನೇ ದಿನ, 2021ರ ಅಕ್ಟೋಬರ್ 30ರಂದು, ನಾಯಕ ವಿರಾಟ್ ಕೊಹ್ಲಿ ಪತ್ರಕರ್ತರ ಮುಂದೆ ಕೂತು, ಧರ್ಮದ ಹೆಸರಲ್ಲಿ ಒಬ್ಬನ ಮೇಲೆ ಎರಗುವುದಕ್ಕಿಂತ ಹೀನ ಕೆಲಸ ಇನ್ನೊಂದಿಲ್ಲ ಎಂಬ ಅರ್ಥದ ಮಾತನ್ನು ಸುತ್ತುಬಳಸದೆ ಹೇಳಿದರು. ಅದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಕೂಸಾಗಿದ್ದ ಅವರ ಮಗಳಿಗೆ ಬರೆಯಲೂ ನಾಚಿಕೆಯಾಗುವಂಥ ಬೆದರಿಕೆ ಬಂತು. ಅವರು ಮಾತು ಹಿಂತೆಗೆದುಕೊಳ್ಳಲಿಲ್ಲ. ಬಹುಸಂಖ್ಯಾತರ ಮನೆಯಲ್ಲಿ ಹುಟ್ಟಿದವನು ಅಲ್ಪಸಂಖ್ಯಾತ ಗೆಳೆಯನ ಪಕ್ಕ ನಿಂತಾಗ ಆ ಗೆಳೆಯನ ಒಂಟಿತನ ಅರ್ಧ ಇಳಿಯುತ್ತದೆ. ಕೊಹ್ಲಿಗೆ ಸಾಧ್ಯವಾದದ್ದು ನಮಗೆ ಕ್ಯಾಂಟೀನಿನಲ್ಲಿ ಯಾಕೆ ಸಾಧ್ಯವಿಲ್ಲ?

ಆದ್ದರಿಂದ ಕೇಳುತ್ತೇನೆ, ಒಬ್ಬೊಬ್ಬರನ್ನೂ ಕರೆದು ಕೇಳುತ್ತೇನೆ.

ಅಭಿಮಾನಿಗಳೇ, ಮುಂದಿನ ಸಲ ಭಾರತ ಸೋತ ರಾತ್ರಿ ಫೋನ್ ಕೈಗೆತ್ತಿಕೊಂಡಾಗ, ಆಟಗಾರನ ಹೆಸರಿನ ಮೇಲಲ್ಲ, ಆಟದ ಮೇಲೆ ಬರೆಯಿರಿ. ಗುಂಪಿಗೆ ಬಂದ ಹೊಲಸನ್ನು ಮುಂದೆ ಕಳಿಸಬೇಡಿ; ಕಳಿಸಿದವರಿಗೆ ಇದು ತಪ್ಪು ಎಂದು ಅದೇ ಗುಂಪಿನಲ್ಲಿ, ಎಲ್ಲರಿಗೂ ಕಾಣುವಂತೆ ಒಂದು ಸಾಲು ಹೇಳಿ. ಗ್ಯಾಲರಿಯಲ್ಲಿ ದೇವರ ಹೆಸರನ್ನು ಬೈಗುಳವಾಗಿ ಕೂಗುವವರ ಪಕ್ಕ ನೀವಿದ್ದರೆ ಅವರ ದನಿಗೆ ದನಿಗೂಡಿಸಬೇಡಿ.

ತರಬೇತುದಾರರೇ, ದೈಹಿಕ ಶಿಕ್ಷಣದ ಮೇಷ್ಟ್ರೇ, ಮೇಡಂಗಳೇ, ನಿಮ್ಮ ಬಾಯಿಂದ ಬರುವ ಒಂದು ಪದ ಹಾಸ್ಟೆಲಿನ ಹುಡುಗರ ಬಾಯಲ್ಲಿ ನೂರಾಗುತ್ತದೆ. ನಿಮ್ಮ ಬಯಲಲ್ಲಿ ಯಾರ ಜಾತಿ, ಧರ್ಮ, ನಡಿಗೆ, ಒಲವು ಕೂಡ ಬೈಗುಳವಾಗದಂತೆ ನೋಡಿಕೊಳ್ಳಿ. ರೋಜಾ ಹಿಡಿದ ಹುಡುಗ ಕೇಳಿದರೆ ಅಭ್ಯಾಸದ ಹೊತ್ತು ಬದಲಿಸಿ. ಹಿಡಿಯದವನನ್ನು ಯಾಕೆಂದು ಕೇಳಬೇಡಿ.

ಕ್ರೀಡಾ ಸಂಸ್ಥೆಗಳವರೇ, ನಿಮ್ಮ ಆಟಗಾರರ ಮೇಲೆ ದಾಳಿಯಾದಾಗ ಬರೀ ಫೋಟೊ ಹಾಕಿ ಹೆಮ್ಮೆ ಎನ್ನಬೇಡಿ. ನಡೆದದ್ದನ್ನು ಅದರ ಹೆಸರಿನಿಂದಲೇ ಕರೆಯಿರಿ. ಬೆದರಿಕೆ ಬಂದರೆ ಪೊಲೀಸರ ಬಳಿಗೆ ನೀವೇ ಹೋಗಿ, ಆಟಗಾರರನ್ನು ಒಂಟಿಯಾಗಿ ಕಳಿಸಬೇಡಿ. ತನ್ನ ಒಲವನ್ನು ಹೇಳಿಕೊಂಡ ಆಟಗಾರ್ತಿಯ ಜಾಗ ತಂಡದಲ್ಲಿ ಭದ್ರ ಎಂದು ಮೊದಲೇ, ಬರಹದಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಿಡಿ.

ಪತ್ರಕರ್ತ ಬಂಧುಗಳೇ, ಟ್ರೋಲ್ ಮಾಡಿದವರ ಮಾತನ್ನು ಸುದ್ದಿಯ ನೆಪದಲ್ಲಿ ಇನ್ನೂ ಲಕ್ಷ ಜನರಿಗೆ ತಲುಪಿಸಬೇಡಿ. ಗೆದ್ದ ಹುಡುಗಿಯ ಮುಂದೆ ಮೈಕ್ ಹಿಡಿದು ಮದುವೆ ಯಾವಾಗ ಎಂದು ಕೇಳುವುದನ್ನು ಬಿಡಿ.

ಗುರುಗಳೇ, ಮೌಲಾನಾರೇ, ಪಾದ್ರಿಗಳೇ, ಸ್ವಾಮೀಜಿಗಳೇ, ನಿಮ್ಮ ಮಾತಿಗೆ ಜನ ತಲೆಬಾಗುತ್ತಾರೆ. ಆ ತೂಕವನ್ನು ಒಬ್ಬ ಬೌಲರ್‌ನ ನೀರಿನ ಬಾಟಲಿಯ ಮೇಲೆ ಹೇರಬೇಡಿ. ನಿಮ್ಮ ದೇವರ ಹೆಸರನ್ನು ಗ್ಯಾಲರಿಯಲ್ಲಿ ಬೈಗುಳವಾಗಿ ಬಳಸಿದಾಗ ಮೊದಲು ಎದ್ದು ಬೇಡ ಎನ್ನಬೇಕಾದವರು ನೀವು.

ಅಪ್ಪ ಅಮ್ಮಂದಿರೇ, ನಿಮ್ಮ ಮಗಳು ಸ್ಪೈಕ್ಸ್ ಬಿಚ್ಚಿಟ್ಟು ನಿಮ್ಮ ಎದುರು ಕೂತು, ಎಂದೂ ಹೇಳದ ಮಾತೊಂದನ್ನು ಹೇಳಲು ಬಾಯಿ ತೆರೆದಾಗ, ಊರು ಏನನ್ನುತ್ತದೆ ಎಂದು ಕೇಳಬೇಡಿ. ಊರು ನಾಳೆ ಮರೆಯುತ್ತದೆ. ನೀವು ಆ ಗಳಿಗೆಯಲ್ಲಿ ಹೇಳಿದ್ದನ್ನು ಆಕೆ ಬದುಕಿರುವವರೆಗೂ ಮರೆಯುವುದಿಲ್ಲ. ದ್ಯುತಿಯ ವಿರುದ್ಧ ಇಡೀ ದೇಶ ನಿಂತಿದ್ದರೂ ಮನೆ ನಿಂತಿರಬೇಕಿತ್ತು ಅವರ ಜೊತೆ. ನಿಮ್ಮ ಮನೆಯಾದರೂ ನಿಲ್ಲಲಿ.

ಕ್ರೀಡೆಗೆ ಒಂದು ದೊಡ್ಡ ಶಕ್ತಿಯಿದೆ. ಪರಿಚಯವೇ ಇಲ್ಲದ ಇಬ್ಬರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ, ಒಂದು ಚೆಂಡಿನ ಹಿಂದೆ ಇಬ್ಬರ ಉಸಿರನ್ನೂ ಓಡಿಸುತ್ತದೆ. ಆ ಹೊತ್ತಿನಲ್ಲಿ ಪಕ್ಕದವನ ಜಾತಿ, ದೇವರು, ಹಾಸಿಗೆ ಯಾವುದನ್ನೂ ನಾವು ಕೇಳುವುದಿಲ್ಲ. ಮೈದಾನದೊಳಗೆ ಓಡುತ್ತಿರುವವರಿಗೂ ಅದೇ ಮರ್ಯಾದೆ ಸಲ್ಲಬೇಕು, ಗೆದ್ದ ರಾತ್ರಿ ಮಾತ್ರವಲ್ಲ, ಸೋತ ರಾತ್ರಿಯೂ. ಸೋತ ರಾತ್ರಿ ನಾವು ಹೇಗಿರುತ್ತೇವೆ ಎಂಬುದರಲ್ಲೇ ನಾವು ಎಂಥ ಜನ ಎಂಬುದು ತೀರ್ಮಾನವಾಗುತ್ತದೆ. ಅಂಥ ರಾತ್ರಿ ಮತ್ತೆ ಬರುತ್ತದೆ, ಬಂದೇ ಬರುತ್ತದೆ. ಒಂದು ಕ್ಯಾಚ್ ಜಾರುತ್ತದೆ, ಒಂದು ಓವರ್ ದುಬಾರಿಯಾಗುತ್ತದೆ, ಒಂದು ಹೆಸರು ಜನರ ಬಾಯಿಗೆ ಸಿಗುತ್ತದೆ. ಅಂದು ನೀವು ಸುಮ್ಮನಿರಬೇಡಿ. ನಾನೂ ಸುಮ್ಮನಿರುವುದಿಲ್ಲ.